ಎಷ್ಟು ಹೊತ್ತೆಂದು ಕೇಳಬಾರದ ಅಂಗಡಿ

ನನ್ನ ಅಕ್ಕನಿಗೆ ಬೀದಿಯವರು ಇಟ್ಟ ಹೆಸರು ಕಳಚಮ್ಮ. ಬೀದಿಯವರು ಅಂದರೆ ಎದುರಂಗಡಿಯ ಟೈಲರ್. ಅವರ ಹೊಲಿಗೆ ಯಂತ್ರ ಬಾಗಿಲಿಗೆ ಮುಖ ಮಾಡಿದೆ. ಹಾಗಾಗಿ ಬೀದಿಯಲ್ಲಿ ನಡೆಯುವುದೆಲ್ಲ ಅವರ ಕಣ್ಣಿಗೆ ಬೀಳುತ್ತದೆ, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಅವರೊಂದು ಹೆಸರು ಇಡುತ್ತಾರೆ. ಅಕ್ಕ ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ. ಯಾವ ಕಂಪ್ಯೂಟರ್ ಬರಲಿ, ಕಾಯಿಲೆ ಏನೇ ಇರಲಿ, ಮೊದಲು ಅದಕ್ಕೆ ತಗುಲಿಸಿದ್ದನ್ನೆಲ್ಲ ಕಳಚಿ ಮೇಜಿನ ಮೇಲೆ ಸಾಲಾಗಿ ಮಲಗಿಸುತ್ತಾಳೆ. ಆಮೇಲೆ ಒಂದೊಂದನ್ನೇ ಸಿಕ್ಕಿಸಿ ನೋಡುತ್ತಾಳೆ. ಮೌಸ್ ಓಡುತ್ತಿಲ್ಲ ಎಂದು ತಂದವರೂ ತಮ್ಮ ಪೆಟ್ಟಿಗೆಯ ಕರುಳೆಲ್ಲ ಹೊರಬಂದಿರುವುದನ್ನು ಕಂಡು ಹೌಹಾರಿದ್ದುಂಟು.

ಮನೆಯಲ್ಲೂ ಅದೇ ಬುದ್ಧಿ. ಫ್ಯಾನು ಕಿರ್ ಅಂದರೆ ಸಾಕು, ಮೂರೂ ರೆಕ್ಕೆ ನೆಲದ ಮೇಲಿರುತ್ತವೆ. ಒಮ್ಮೆ ಅಮ್ಮ ಕನ್ನಡಕ ಸಡಿಲವಾಗಿದೆ ಎಂದು ಬಾಯಿತಪ್ಪಿ ಹೇಳಿ, ಒಂದು ಗಾಜು ಒಂದು ಕೈಯಲ್ಲಿ ಇನ್ನೊಂದು ಗಾಜು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅರ್ಧ ದಿನ ಕೂತಿದ್ದಳು.

ಅಂಗಡಿ ಮೊದಲು ಲಾಂಡ್ರಿಯಾಗಿತ್ತು. ಬಟ್ಟೆ ನೇತುಹಾಕುತ್ತಿದ್ದ ಕಬ್ಬಿಣದ ಸರಳುಗಳು ಚಾವಣಿಯಲ್ಲಿ ಹಾಗೇ ಇವೆ. ಅಂಗಿಗಳ ಜಾಗದಲ್ಲಿ ಈಗ ತಂತಿಗಳು ಜೋತಾಡುತ್ತವೆ. ಒಳಗೆ ಅಕ್ಕನ ಮೇಜು, ಮೇಜಿನ ಮೇಲೆ ಮೊಟ್ಟೆ ಇಡುವ ರಟ್ಟಿನ ತಟ್ಟೆ, ತಟ್ಟೆಯ ಒಂದೊಂದು ಗುಳಿಯಲ್ಲಿ ಒಂದೊಂದು ಜಾತಿಯ ಸ್ಕ್ರೂ. ಆ ತಟ್ಟೆಯನ್ನು ನಾನೊಮ್ಮೆ ಮೊಣಕೈ ತಾಗಿಸಿ ಬೀಳಿಸಿದೆ. ಅಕ್ಕ ಏನೂ ಅನ್ನಲಿಲ್ಲ, ನೆಲದ ಮೇಲೆ ಕೂತು ಎರಡು ಗಂಟೆ ಆರಿಸಿದಳು. ಅವಳ ಈ ಏನೂ ಅನ್ನದಿರುವುದಿದೆಯಲ್ಲ, ಅದನ್ನು ಸಹಿಸುವುದು ಬೈಗುಳ ಸಹಿಸುವುದಕ್ಕಿಂತ ಕಷ್ಟ.

ಎಲ್ಲದರ ಮೇಲೂ ತಾರೀಕು ಬರೆಯುವುದು ಅವಳ ಇನ್ನೊಂದು ಚಟ. ಗಡಿಯಾರದ ಸೆಲ್ಲಿನ ಮೇಲೆ, ಪೊರಕೆಯ ಹಿಡಿಯ ಮೇಲೆ, ಗೋಂದಿನ ಸೀಸೆಯ ಮೇಲೆ, ಎಂದು ತಂದದ್ದು ಎಂದು ಬರೆಯಲೇಬೇಕು. ನನ್ನ ಮದುವೆಗೆ ಅವಳು ಕೊಟ್ಟ ಕುಕ್ಕರಿನ ತಳದಲ್ಲಿ ನನ್ನ ಮದುವೆಯ ತಾರೀಕಿದೆ. ನಮ್ಮ ಯಜಮಾನರು ಆ ದಿನವನ್ನು ಮರೆತಾಗಲೆಲ್ಲ ಗುಟ್ಟಾಗಿ ಕುಕ್ಕರ್ ಮಗುಚಿ ನೋಡುತ್ತಾರೆ.

ಅಂಗಡಿಯ ಬಾಗಿಲ ಪಕ್ಕದಲ್ಲಿ ಒಂದು ಬೋರ್ಡು ಇತ್ತು. ಹೆಸರಿನ ಬೋರ್ಡಲ್ಲ, ಹೆಸರಿನ ಬೋರ್ಡು ಬರೆಸುವಷ್ಟು ಆಸೆ ಅವಳಿಗಿಲ್ಲ. ಮೊಳದುದ್ದದ ಹಲಗೆಯ ಮೇಲೆ ತನ್ನ ಸೊಟ್ಟ ಅಕ್ಷರದಲ್ಲಿ ಅವಳೇ ಬರೆದದ್ದು: ‘ಎಷ್ಟು ಹೊತ್ತಾಗುತ್ತದೆ ಎಂದು ದಯವಿಟ್ಟು ಕೇಳಬೇಡಿ. ಆದಾಗ ಹೇಳುತ್ತೇವೆ.’ ನಾನು ಕೌಂಟರಿಗೆ ಬಂದು ಕೂತ ಮೊದಲ ದಿನವೇ ಅದನ್ನು ಕಂಡು ನಕ್ಕಿದ್ದೆ. ಅಂಗಡಿಗೆ ಬಂದವರು ಅದನ್ನಲ್ಲದೆ ಇನ್ನೇನು ಕೇಳುತ್ತಾರೆ? ಕೇಳಿಸಿಕೊಂಡು ಹಲ್ಲು ಕಿರಿದು ಸಮಾಧಾನ ಹೇಳುವುದು ನನ್ನ ಪಾಡಾಗಿತ್ತು. ಬಣ್ಣ ಮಾಸಿದ ಮೇಲೆ ಅಕ್ಕ ಎರಡು ಸಲ, “ನಿನ್ನ ಕೈ ಚೆನ್ನಾಗಿದೆ, ಇದನ್ನೊಂದು ಬರೆದುಕೊಡು” ಎಂದಿದ್ದಳು. ಎರಡು ಸಲವೂ, “ನನ್ನ ಕೆಲಸ ಚೀಟಿ ಬರೆಯೋದು, ಬೋರ್ಡ್ ಬರೆಯೋದಲ್ಲ” ಎಂದಿದ್ದೆ. ಅಷ್ಟು ಖಾರವಾಗಿ ಯಾಕೆ ಹೇಳಿದೆ ಎಂದು ತಿಳಿಯಬೇಕಾದರೆ ಹನ್ನೊಂದು ವರ್ಷ ಹಿಂದಕ್ಕೆ ಹೋಗಬೇಕು.

ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಅಮ್ಮ, ಅಕ್ಕ, ನಾನು ಇದ್ದೆವು. ಅಕ್ಕ ಓದು ಬಿಟ್ಟು ಟೈಪ್‌ರೈಟರ್ ರಿಪೇರಿಯ ಅಂಗಡಿಯೊಂದಕ್ಕೆ ಸೇರಿದ್ದಳು. ಟೈಪ್‌ರೈಟರುಗಳ ಕಾಲ ಮುಗಿದು ಆ ಅಂಗಡಿ ಮುಚ್ಚಿತು. ಅವಳು ಸತ್ತ ಕಂಪ್ಯೂಟರುಗಳನ್ನು ಗುಜರಿಯಿಂದ ತಂದು ಬಿಡಿಸಿ ಬಿಡಿಸಿ ಈ ವಿದ್ಯೆ ಕಲಿತಳು. ನಾನು ಕಸೂತಿಗೆ ನಮೂನೆ ಬರೆಯುತ್ತಿದ್ದೆ. ಬಳ್ಳಿ, ಎಲೆ, ಮೊಗ್ಗು, ಹಕ್ಕಿ. ಕಾಗದದ ಮೇಲೆ ಬರೆದು, ಕಂಪ್ಯೂಟರಿಗೆ ಏರಿಸಿ, ಚೌಕ ಚೌಕವಾಗಿ ತಿದ್ದಿ ಇಡುತ್ತಿದ್ದೆ. ಮೂರು ವರ್ಷದಲ್ಲಿ ಮುನ್ನೂರ ಹನ್ನೆರಡು ನಮೂನೆಗಳಾದವು. ಏರಿಸಿದ ಮೇಲೆ ಕಾಗದಗಳನ್ನು ಎಸೆದುಬಿಡುತ್ತಿದ್ದೆ, ಮನೆ ಚೊಕ್ಕಟವಾಗಿರಲಿ ಅಂತ. ಆ ಜಾಣತನವನ್ನು ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ.

ಪುಸ್ತಕ ಮಾಡುತ್ತೇವೆ ಎಂದು ಪ್ರಕಾಶಕರೊಬ್ಬರು ಒಪ್ಪಿದರು. ನಮೂನೆಗಳನ್ನು ತೆಗೆದುಕೊಂಡು ಹೋಗಲು ಅವರ ಕಡೆಯವರು ಬರುವ ದಿನವೇ ನನ್ನ ಕಂಪ್ಯೂಟರ್ ಮುಷ್ಕರ ಹೂಡಿತು. ಕಂಪ್ಯೂಟರನ್ನು ಎಬ್ಬಿಸಿ ನಡೆಸುವ ಸಾಫ್ಟ್‌ವೇರ್ ಇರುತ್ತದಲ್ಲ, ಸಿಸ್ಟಂ ಅನ್ನುತ್ತಾರೆ, ಅದೇ ಕೆಟ್ಟಿತ್ತು. ಅಕ್ಕ ಹೊಸದೊಂದು ಡಿಸ್ಕ್ ಸಿಕ್ಕಿಸಿ ಅದಕ್ಕೆ ಹೊಸ ಸಿಸ್ಟಂ ಹಾಕಲು ಕೂತಳು. ನನ್ನ ನಮೂನೆಗಳಿದ್ದ ಡಿಸ್ಕೂ ಒಳಗೇ ಇತ್ತು. ಅವಳು ಹೊಸದೆಂದು ತಿಳಿದು ಅದನ್ನೇ ಆರಿಸಿ ಅಳಿಸಿ, ಅದರ ಮೇಲೇ ಸಿಸ್ಟಂ ಹಾಕಿದಳು.

ಮಹಡಿ ಹತ್ತಿ ಬಂದು, ಬಾಗಿಲಲ್ಲೇ ನಿಂತು ಹೇಳಿದಳು: “ನಿನ್ನ ಚಿತ್ರಗಳು ಹೋದ್ವು. ನನ್ನಿಂದ.”

ಅಷ್ಟೇ. ಅಳಲಿಲ್ಲ, ಕ್ಷಮಿಸು ಅನ್ನಲಿಲ್ಲ, ಹೇಗಾಯಿತೆಂದು ವಿವರಿಸಲೂ ಇಲ್ಲ. ನಾನು ಆಡಬಾರದ್ದೆಲ್ಲ ಆಡಿದೆ. ನಿನಗೆ ಕಬ್ಬಿಣ ಬಿಟ್ಟರೆ ಬೇರೆ ಯಾವುದರ ಬೆಲೆಯೂ ಗೊತ್ತಿಲ್ಲ, ನನ್ನ ಒಂದು ನಮೂನೆಯನ್ನಾದರೂ ಎಂದಾದರೂ ಕಣ್ಣೆತ್ತಿ ನೋಡಿದ್ದೀಯಾ ಎಂದೆ. ಆಮೇಲೆ ಎಂಟು ತಿಂಗಳು ಮಾತಿಲ್ಲ, ಮದುವೆಯಾಗಿ ಹೋಗುವವರೆಗೂ ನಾನು ಅಂಗಡಿಯ ಕಡೆ ತಿರುಗಿ ನೋಡಲಿಲ್ಲ. ಒಂದೇ ಕೋಣೆಯಲ್ಲಿ ಕೂತು, “ಅಮ್ಮ, ಅವಳಿಗೆ ಉಪ್ಪು ಕೊಡೋಕೆ ಹೇಳು”, “ಅಮ್ಮ, ಉಪ್ಪು ಅವಳ ಮುಂದೇ ಇದೆ ಅಂತ ಹೇಳು” ಎನ್ನುತ್ತಿದ್ದೆವು. ಒಂದು ದಿನ ಅಮ್ಮ ತಟ್ಟೆ ಸರಿಸಿ ಎದ್ದು, “ನಾನೇನು ಟೆಲಿಫೋನ್ ಕಂಬವಾ?” ಎಂದು ಕೂಗಾಡಿದ ಮೇಲೆ ನೇರ ಮಾತು ಶುರುವಾಯಿತು. ಆದರೆ ನಮೂನೆಗಳ ವಿಷಯ ಇಬ್ಬರೂ ಎತ್ತಲಿಲ್ಲ. ನಾನು ಮತ್ತೆ ಒಂದು ಎಲೆಯನ್ನೂ ಬರೆಯಲಿಲ್ಲ.

ಆರು ವರ್ಷದ ಹಿಂದೆ ಅಕ್ಕ ಕೌಂಟರಿಗೆ ಜನ ಬೇಕು ಎಂದಳು. ನನಗೂ ಕೆಲಸ ಬೇಕಿತ್ತು. ನಿಜ ಹೇಳುತ್ತೇನೆ, ಸ್ವಲ್ಪ ಕೆಟ್ಟ ಮನಸ್ಸೂ ಇತ್ತು. ಬೇರೆಯವರ ವಸ್ತುಗಳನ್ನು ಇವಳು ಹೇಗೆ ನೋಡಿಕೊಳ್ಳುತ್ತಾಳೋ ನೋಡೋಣ ಎಂದೇ ಬಂದು ಕೂತೆ. ಆರು ವರ್ಷದಲ್ಲಿ ಯಾರದೊಂದು ಫೋಟೋ ಕೂಡ ಅವಳ ಕೈಯಲ್ಲಿ ಹಾಳಾಗಲಿಲ್ಲ. ಸಿಸ್ಟಂ ಹಾಕುವಾಗ ಹೊಸದನ್ನು ಬಿಟ್ಟು ಮಿಕ್ಕ ಡಿಸ್ಕುಗಳ ತಂತಿಯನ್ನೆಲ್ಲ ಕೀಳುತ್ತಿದ್ದಳು, ತಪ್ಪಿಸಿದ ದಿನವಿಲ್ಲ. ಅದನ್ನು ಕಂಡು ನನಗೆ ಸಮಾಧಾನವಾಗುವ ಬದಲು ಹೊಟ್ಟೆ ಉರಿಯುತ್ತಿತ್ತು. ನನ್ನದೊಂದಕ್ಕೆ ಮಾತ್ರ ಈ ಜಾಗ್ರತೆ ಇರಲಿಲ್ಲವಲ್ಲ ಅಂತ.

ಈ ವರ್ಷ ಅಕ್ಕ ಬಲ್ಬು ಬದಲಿಸಲು ಸ್ಟೂಲು ಹತ್ತಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಪ್ಲಾಸ್ಟರು. ಪ್ಲಾಸ್ಟರಿನ ಮೇಲೂ ಎಡಗೈಯಲ್ಲಿ ತಾರೀಕು ಬರೆದುಕೊಂಡಳು. ಅಂಗಡಿ ಮುಚ್ಚೋಣವೆಂದರೆ ಕೇಳಲಿಲ್ಲ. “ಕೈ ನಿಂದು, ಕಣ್ಣು ನಂದು” ಎಂದು ನನ್ನನ್ನು ಮೇಜಿಗೆ ಕೂರಿಸಿ, ತಾನು ಎದುರಿಗೆ ಕುರ್ಚಿ ಹಾಕಿಕೊಂಡಳು. ಸೂಜಿ ಹಿಡಿದ ಕೈಗೆ ಸ್ಕ್ರೂಡ್ರೈವರ್ ಒಗ್ಗಲು ಎಷ್ಟು ದಿನ ಬೇಕು? ಆದರೂ ಮೊದಲ ವಾರ ಟೈಲರ್ ದಿನಕ್ಕೆರಡು ಸಲ ಬಂದು, “ಇವತ್ತು ಎಷ್ಟು ಸ್ಕ್ರೂ ಉಳೀತು?” ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

ಎರಡನೆಯ ವಾರ ಶೂ ಮಾಡುವಾಕೆ ಬಂದರು. ಎರಡು ಪಾದ ಒಂದೇ ಸಮ ಇಲ್ಲದವರಿಗೆ ಶೂ ಮಾಡುವವರು ಅವರು. ಒಂದು ಕಾಲು ಗಿಡ್ಡ ಇರುವವರು, ಹುಟ್ಟಿದಾಗಲೇ ಪಾದ ಒಳಕ್ಕೆ ತಿರುಗಿದವರು, ಅಪಘಾತದಲ್ಲಿ ಬೆರಳು ಹೋದವರು, ಎಲ್ಲರೂ ಅವರಲ್ಲಿಗೇ ಹೋಗುತ್ತಾರೆ. ಪಾದವನ್ನು ಸ್ಕ್ಯಾನ್ ಮಾಡುವ ಒಂದು ಪೆಟ್ಟಿಗೆಯೊಳಗೆ ಇಡಿಸಿ, ಅದರ ಪಡಿಯಚ್ಚನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುತ್ತಾರೆ. ಅವರ ಹಿಂದೆ ಅವರ ಮೈದುನ ಕಂಪ್ಯೂಟರನ್ನು ಎದೆಗವಚಿಕೊಂಡು ಬಂದ.

“ಹಳೇದು ತುಂಬ ಸದ್ದು ಮಾಡ್ತಿತ್ತು” ಎಂದರು ಆಕೆ. “ಹೊಸ ಡಿಸ್ಕ್ ತಂದ್ವಿ. ಇವನೇ ಸಿಸ್ಟಂ ಹಾಕ್ತೀನಿ ಅಂದ.”

“ಮೂರು ಸಲ ಹಾಕಿದೆ” ಎಂದ ಮೈದುನ. “ಮೂರು ಸಲಾನೂ ಅರ್ಧಕ್ಕೆ ನಿಲ್ತು. ಈಗ ಏಳೋದೇ ಇಲ್ಲ ಅಂತಿದೆ. ನಾನೇನೂ ಮುಟ್ಟಿಲ್ಲ.”

ನಾನೇನೂ ಮುಟ್ಟಿಲ್ಲ ಅನ್ನದ ಗಿರಾಕಿಯನ್ನು ನಾನಿನ್ನೂ ನೋಡಬೇಕು. ಚೀಟಿಯಲ್ಲಿ ‘ಮುಟ್ಟಿದ್ದಾರೆ’ ಎಂದು ಬರೆದುಕೊಂಡೆ.

“ಒಳಗೆ ಡಿಸ್ಕ್ ಎಷ್ಟಿವೆ?” ಎಂದಳು ಅಕ್ಕ.

“ಮೂರು” ಎಂದರು ಆಕೆ. “ಸದ್ದು ಮಾಡೋದೊಂದು, ಪಾದಗಳಿರೋದೊಂದು, ಹೊಸದೊಂದು.” ಆಮೇಲೆ ದನಿ ತಗ್ಗಿಸಿ, “ಆರುನೂರ ನಲವತ್ತೊಂದು ಜನರ ಪಾದ ಇದೆ ಅದರಲ್ಲಿ. ಬೇರೆಯವರನ್ನ ಮತ್ತೆ ಕರೆಸಿ ಅಳತೆ ತಗೋಬಹುದು. ಆದರೆ ನಲವತ್ತು ಐವತ್ತು ಮಂದಿಗೆ ಆಪರೇಷನ್ ಆಗಿದೆ. ಹಳೇ ಪಾದದ ಪಕ್ಕ ಹೊಸದು ಇಟ್ಟು ನೋಡಿದರೇನೇ ಕಾಲು ಎಷ್ಟು ತಿರುಗಿದೆ ಅಂತ ಡಾಕ್ಟರಿಗೂ ನನಗೂ ಗೊತ್ತಾಗೋದು. ಆಪರೇಷನ್‌ಗೆ ಮುಂಚಿನ ಪಾದ ಈಗ ಎಲ್ಲಿಂದ ತರೋದು?”

“ಬೇರೆ ಕಡೆ ನಕಲು ಇಟ್ಟಿಲ್ವಾ?”

“ಮಾಡ್ಬೇಕು ಮಾಡ್ಬೇಕು ಅಂತಾನೇ ಇದ್ದೆ.”

ಅಕ್ಕ ಅವರ ಮುಖ ನೋಡಿದಳು. ನಾನು ಸ್ಕ್ರೂ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದೆ. ಎಸೆದ ಕಾಗದಗಳ ನೆನಪಾಗಿತ್ತು.

ಪೆಟ್ಟಿಗೆಯ ಎಡಬದಿಯ ತಗಡು ತೆಗೆದೆ. ಆಕೆ ಹೇಳಿದಂತೆಯೇ ಮೂರು ಡಿಸ್ಕುಗಳಿದ್ದವು: ಹಳೆಯದೊಂದು, ದಪ್ಪನೆಯದೊಂದು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಹೊಸದೊಂದು. ಹೊಸದನ್ನು ಬಿಟ್ಟು ಎರಡರ ತಂತಿ ಕಿತ್ತೆ.

“ಎರಡೂ ಕಡೆ ತೆಗೆದು ನೋಡಿದ್ಯಾ?” ಎಂದಳು ಅಕ್ಕ.

“ಮೂರೂ ಇಲ್ಲೇ ಇವೆ ಅಕ್ಕ. ಲೆಕ್ಕ ಸರಿಯಾಗಿದೆ.”

ಬಲಬದಿಯ ತಗಡಿಗೆ ಇನ್ನೂ ನಾಲ್ಕು ಸ್ಕ್ರೂ. ಮೂರಿದೆ ಎಂದರು, ಮೂರು ಸಿಕ್ಕಿತು. ಮತ್ತೆ ಅದನ್ನು ಬೇರೆ ಯಾಕೆ ಬಿಚ್ಚಬೇಕು? ಅಕ್ಕ ಏನೋ ಹೇಳಲು ಹೋದಳು. ಅಷ್ಟರಲ್ಲಿ ಶೂ ಮಾಡುವಾಕೆ ಇನ್ನೇನೋ ಕೇಳಿದ್ದರಿಂದ ಅದು ಅಲ್ಲಿಗೇ ನಿಂತಿತು.

ಸಿಸ್ಟಂ ಇರುವ ಪೆನ್‌ಡ್ರೈವ್ ಸಿಕ್ಕಿಸಿ ಸ್ವಿಚ್ ಹಾಕಿದೆ. ಪರದೆ ನನ್ನ ಕಡೆ ಮುಖ ಮಾಡಿತ್ತು, ಅಕ್ಕನಿಗೆ ಅದರ ಬೆನ್ನು ಮಾತ್ರ ಕಾಣುತ್ತಿತ್ತು. ಭಾಷೆ ಕೇಳಿತು, ಒಪ್ಪಿಗೆ ಕೇಳಿತು, ಒಪ್ಪಿದೆ. ಎಲ್ಲಿ ಹಾಕಬೇಕು ಎಂದು ಕೇಳಿ ಎರಡು ಸಾಲು ತೋರಿಸಿತು. ಒಂದೇ ಡಿಸ್ಕ್ ಎರಡು ಮೂರು ಸಾಲಾಗಿ ಕಾಣುವುದನ್ನು ಅಕ್ಕನ ಹೆಗಲ ಮೇಲಿಂದ ಎಷ್ಟೋ ಸಲ ನೋಡಿದ್ದೆ, ಹಾಗಾಗಿ ಅನುಮಾನ ಬರಲಿಲ್ಲ. ಎರಡೂ ಸಾಲಿನಲ್ಲಿ ಖಾಲಿ ಜಾಗ ಎಂದೇ ಇತ್ತು. ಮೇಲಿನ ಸಾಲಿಗೆ ಆಗಲೇ ನೀಲಿ ಬಣ್ಣ ಬಂದು ಅದು ತಾನಾಗಿಯೇ ಆಯ್ಕೆಯಾಗಿತ್ತು. ಖಾಲಿ ಅಂದ ಮೇಲೆ ಯಾವುದಾದರೇನು?

“ಪರದೆ ಮೇಲೆ ಇರೋದನ್ನ ಓದು” ಎಂದಳು ಅಕ್ಕ. “ಒಂದಕ್ಷರ ಬಿಡಬೇಡ.”

ಅಷ್ಟರಲ್ಲಿ ಮೈದುನ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದು, ಬಾಗಿಲಿಗೆ ಒರಗಿ, ಬೋರ್ಡಿನ ಪಕ್ಕದಲ್ಲೇ ನಿಂತು ಕೇಳಿದ:

“ಇನ್ನೂ ಎಷ್ಟು ಹೊತ್ತಾಗುತ್ತೆ?”

ಮಾಮೂಲಾಗಿದ್ದರೆ ಹಲ್ಲು ಕಿರಿಯುತ್ತಿದ್ದೆ. ಆದರೆ ಆವತ್ತು ಕೆಲಸ ಮಾಡುತ್ತಿದ್ದವಳು ನಾನೇ. ಆ ಪ್ರಶ್ನೆ ಬೆನ್ನಿಗೆ ಕೈಯಿಟ್ಟು ದೂಡಿದ ಹಾಗಾಯಿತು. ಬೇಗ ಮುಗಿಸಿ ಇವನ ಬಾಯಿ ಮುಚ್ಚಿಸಬೇಕು ಅನ್ನುವುದೊಂದೇ ತಲೆಯಲ್ಲಿತ್ತು. ಬೆರಳು ಹೋಗಿ ಎಂಟರ್ ಕೀಲಿಯ ಮೇಲೆ ಕೂತಿತು.

“ಖಾಲಿ ಅಂತ ಇದೆ ಅಕ್ಕ. ಒತ್ತಲಾ?”

“ಗಾತ್ರ ಓದು.”

“ಸಾವಿರದ ಎಂಟುನೂರ ಅರವತ್ತು ಚಿಲ್ಲರೆ...”

“ಕೈ ತೆಗಿ!”

ಅಕ್ಕ ಕೂಗಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಎದುರಂಗಡಿಯ ಹೊಲಿಗೆ ಯಂತ್ರ ಕೂಡ ನಿಂತಿತು. ನಾನು ಕಾದ ಬಾಣಲೆ ಮುಟ್ಟಿದವಳಂತೆ ಕೈ ಎಳೆದುಕೊಂಡೆ. ಅಕ್ಕ ಎದ್ದು ಬಂದು ಎಡಗೈಯಿಂದಲೇ ಗೋಡೆಯ ಸ್ವಿಚ್ ಆರಿಸಿದಳು.

“ಹೊಸದು ಐನೂರು ಜಿಬಿದು” ಎಂದಳು, ತನ್ನ ಎಂದಿನ ದನಿಗೆ ಇಳಿದು. “ಸಾವಿರದ ಎಂಟುನೂರು ಎಲ್ಲಿಂದ ಬಂತು? ಬಲಗಡೆ ತೆಗಿ.”

ನಾಲ್ಕು ಸ್ಕ್ರೂ ಬಿಚ್ಚಲು ನನಗೆ ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ತಗಡಿನ ಹಿಂದೆ, ಯಾರಿಗೂ ಕಾಣದ ಜಾಗದಲ್ಲಿ ನಾಲ್ಕನೆಯ ಡಿಸ್ಕ್ ಕೂತಿತ್ತು. ಮುಂದಿದ್ದ ದಪ್ಪನೆಯದರ ಅವಳಿ ಅದು. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ ದುಂಡನೆಯ ಅಕ್ಷರದಲ್ಲಿ ‘ಪಾದಗಳು’ ಎಂದಿತ್ತು.

ಶೂ ಮಾಡುವಾಕೆ ಬಾಯಿಗೆ ಕೈ ಅಡ್ಡ ಹಿಡಿದರು. “ಅಯ್ಯೋ, ನಕಲು ಮಾಡೋಕೆ ಅಂತ ಅಂಥದೇ ಇನ್ನೊಂದು ತಂದು ಹಾಕ್ಸಿದ್ದೆ. ಖಾಲಿ ಡಿಸ್ಕ್ ನೆನಪೇ ಇರ್ಲಿಲ್ಲ. ಮುಂದಿರೋ ಈ ದಪ್ಪಂದೇ ಆ ಖಾಲಿ ಡಿಸ್ಕ್.”

“ಪಾದಗಳಿರೋದು ಖಾಲಿ ಅಂತ ಯಾಕೆ ತೋರಿಸ್ತು?” ಎಂದಳು ಅಕ್ಕ. ಕೇಳಿದ್ದು ಗಾಳಿಗೆ, ಆದರೆ ಎಲ್ಲರ ಕಣ್ಣೂ ಮೈದುನನ ಕಡೆ ತಿರುಗಿತು.

ಅವನ ಮುಖ ಬೂದಿಯಾಗಿತ್ತು. “ಜಾಗ ಸಾಲ್ದೇನೋ ಅಂತ... ಒಂದನ್ನ ಡಿಲೀಟ್ ಒತ್ತಿದ್ದೆ. ಅದೇ ಹೊಸದು ಅನ್ಕೊಂಡೆ ಅತ್ತಿಗೆ. ಎಲ್ಲ ಒಂದೇ ಥರ ಕಾಣ್ತಿತ್ತು.”

ಆಕೆ ಮೆಟ್ಟಿಲ ಮೇಲೆ ಕುಸಿದು ಕೂತರು. ಅಕ್ಕ ಅವನಿಗೆ ಚೆನ್ನಾಗಿ ಉಗಿಯುತ್ತಾಳೆ ಎಂದು ನಾನು ಕಾದೆ. ನಾನಾಗಿದ್ದರೆ ಉಗಿಯುತ್ತಿದ್ದೆ, ನನ್ನ ಬೆರಳು ಆಗಷ್ಟೇ ಎಲ್ಲಿತ್ತು ಎಂಬುದನ್ನು ಮರೆತು. ಅಕ್ಕ ತನ್ನ ಕುರ್ಚಿಯನ್ನು ಕಾಲಿನಿಂದ ಅವನ ಕಡೆ ತಳ್ಳಿದಳು.

“ಕೂತ್ಕೋಪ್ಪ. ಆಗುತ್ತೆ ಹೀಗೆ. ಬೇಕಂತ ಯಾರೂ ಮಾಡಲ್ಲ.”

ಆ ಮಾತು ನನ್ನ ಎದೆಗೆ ನೇರ ಬಂದು ತಗುಲಿತು. ಹನ್ನೊಂದು ವರ್ಷದ ಹಿಂದೆ ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವಳು ನಾನು.

ಆಮೇಲೆ ಅಕ್ಕ ಶೂ ಮಾಡುವಾಕೆಗೆ ವಿವರಿಸಿದಳು. ಡಿಲೀಟ್ ಒತ್ತಿದಾಗ ಮನೆಯ ನಂಬರು ಅಳಿಸಿಹೋಗಿದೆ, ಮನೆ ಬಿದ್ದಿಲ್ಲ. ಮೇಲೆ ಇನ್ನೊಂದು ಮನೆ ಕಟ್ಟದಿದ್ದರೆ ಒಳಗಿರುವವರೆಲ್ಲ ಇದ್ದಲ್ಲೇ ಇರುತ್ತಾರೆ. ಈಗ ನಾವು ಕಟ್ಟಿಬಿಡುತ್ತಿದ್ದೆವು, ಕಟ್ಟಲಿಲ್ಲ. ಸಿಸ್ಟಂ ಮೂರು ಸಲ ಅರ್ಧಕ್ಕೆ ನಿಂತದ್ದೂ ಈ ಗುಂಪಿನಿಂದಲೇ ಇರಬೇಕು. ನಾಲ್ಕು ಡಿಸ್ಕ್ ಒಟ್ಟಿಗಿದ್ದರೆ ಅದು ಎಬ್ಬಿಸುವ ಸಾಮಾನನ್ನು ಒಂದರಲ್ಲಿ, ಉಳಿದದ್ದನ್ನು ಇನ್ನೊಂದರಲ್ಲಿ ಇಡಲು ಹೋಗುತ್ತದೆ, ಆ ಒಂದು ಇವರದರಂತೆ ಸದ್ದು ಮಾಡುತ್ತಾ ಸಾಯುತ್ತಿರುವ ಡಿಸ್ಕಾದರೆ ಅಲ್ಲಿಗೇ ಕೈಚೆಲ್ಲುತ್ತದೆ. ಅಕ್ಕ ‘ನಾವು’ ಎಂದಳು, ‘ಇವಳು’ ಎನ್ನಲಿಲ್ಲ. ನಾನು ಗಮನಿಸಿದೆ.

ಪಾದಗಳ ಡಿಸ್ಕನ್ನು ಕಳಚಿ ಬಟ್ಟೆಯ ಮೇಲಿಟ್ಟೆ. ಹೊಸದೊಂದನ್ನೇ ಬಿಟ್ಟು ಮತ್ತೆ ಶುರುಮಾಡಿದೆ. ಈ ಸಲ ಒಂದೇ ಸಾಲು. ಗಾತ್ರವನ್ನು ಮೂರು ಸಲ ಗಟ್ಟಿಯಾಗಿ ಓದಿದೆ, ಎದುರಿನ ಟೈಲರ್ ಕೂಡ, “ಕೇಳಿಸ್ತು ತಾಯಿ, ಒತ್ತು” ಎಂದರು. ಕಾಲು ಗಂಟೆಯಲ್ಲಿ ಸಿಸ್ಟಂ ಎದ್ದು ಕೂತಿತು. ಆದರೆ ಅದನ್ನು ಕಂಡು ಯಾರಿಗೂ ಖುಷಿಯಾಗಲಿಲ್ಲ. ಎಲ್ಲರೂ ಬಟ್ಟೆಯ ಮೇಲಿದ್ದದ್ದನ್ನೇ ನೋಡುತ್ತಿದ್ದರು.

ಮೊದಲು ಆ ಡಿಸ್ಕಿನ ತದ್ರೂಪು ನಕಲು ಆಗಬೇಕು, ನಕಲಿನ ಮೇಲೆಯೇ ಹುಡುಕಾಟ, ಅಸಲನ್ನು ಮುಟ್ಟುವಂತಿಲ್ಲ ಎಂದಳು ಅಕ್ಕ. ನಕಲಿಗೆಂದು ತಂದು ಸುಮ್ಮನೆ ಕೂತಿದ್ದ ಖಾಲಿ ಅವಳಿ ಕೊನೆಗೂ ಆ ಕೆಲಸಕ್ಕೆ ಬಂತು. ನಕಲು ಮುಗಿದಾಗ ಸಂಜೆ. ಮರುದಿನ ಬೆಳಿಗ್ಗೆ ಹುಡುಕಲು ಬಿಟ್ಟೆವು. ಶೂ ಮಾಡುವಾಕೆ ತಮ್ಮ ಅಂಗಡಿ ತೆರೆಯದೆ ನಮ್ಮ ಬೆಂಚಿನ ಮೇಲೆ ಬಂದು ಕೂತರು. ಮೈದುನನೂ ಬಂದ. ಇಬ್ಬರೂ ಬೋರ್ಡನ್ನು ಓದಿದರು, ಒಂದು ಸಲವೂ ಬಾಯಿ ಬಿಡಲಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಪರದೆಯ ಮೇಲೆ ಒಂದು ಪಾದ ಮೂಡಿತು.

ಆಕೆ ಎದ್ದು ಬಂದು ಮುಖವನ್ನು ಪರದೆಗೆ ಹತ್ತಿರ ತಂದರು. ಹೆಸರು ಓದಲಿಲ್ಲ. “ಇದು ಪೋಸ್ಟ್‌ಮ್ಯಾನ್ ಎಡಗಾಲು” ಎಂದರು. ಇನ್ನೊಂದು ಬಂತು. “ಇದು ಬೇಕರಿಯವರ ಮಗಳದ್ದು, ಆಪರೇಷನ್‌ಗೆ ಮುಂಚೆ. ನೋಡಿ ಹೆಂಗೆ ಒಳಗೆ ತಿರುಗಿದೆ. ಈಗ ಓಡ್ತಾಳೆ ಅವಳು.” ಅಳುತ್ತಾ ನಗುತ್ತಾ ಒಂದೊಂದೇ ಪಾದವನ್ನು ಗುರುತು ಹಿಡಿದರು. ಮೈದುನ ಎಷ್ಟು ಜನರದ್ದಾಯಿತೆಂದು ಎಣಿಸುತ್ತಾ ಹೋದ. ಆರುನೂರ ನಲವತ್ತೊಂದಕ್ಕೆ ಬಂದಾಗ ಆ ಸಂಖ್ಯೆಯನ್ನು ಎರಡು ಸಲ ಹೇಳಿದ. ಆಕೆ ಅಕ್ಕನ ಪ್ಲಾಸ್ಟರಿನ ಕೈಯನ್ನು ಹಿಡಿದುಕೊಳ್ಳಲು ಬಂದರೆ ಅಕ್ಕ, “ಇವಳ ಕೈ ಹಿಡ್ಕೊಳ್ಳಿ, ಮಾಡಿದ್ದು ಇವಳು” ಎಂದು ನನ್ನನ್ನು ತೋರಿಸಿದಳು.

ಅವರು ಹೋದ ಮೇಲೆ ನಾನು ಸ್ಕ್ರೂಗಳನ್ನು ಗುಳಿಗಳಿಗೆ ತುಂಬುತ್ತಿದ್ದೆ. ಹಿಂದಿನ ದಿನದಿಂದ ಒಂದು ದನಿ ಕಿವಿಯಲ್ಲಿ ಕೂತುಬಿಟ್ಟಿತ್ತು. ಅದು ಮೈದುನನದ್ದಲ್ಲ, ನನ್ನದೇ. ನನ್ನ ನಮೂನೆಗಳು ಹೋದ ಆ ದಿನ ಪ್ರಕಾಶಕರ ಕಡೆಯವರು ಬೀದಿಯಲ್ಲಿ ಕಾಯುತ್ತಿದ್ದರು. ನಾನು ಒಳ್ಳೆಯ ಸೀರೆ ಉಟ್ಟುಕೊಂಡು ಇದೇ ಬಾಗಿಲಿಗೆ ಒರಗಿ ನಿಂತಿದ್ದೆ. ಒಂದು ಸಲವಲ್ಲ, ಐದಾರು ಸಲ ಕೇಳಿದ್ದೆ. ಕೊನೆಯ ಸಲ ಗದರಿಸಿಯೇ ಕೇಳಿದ್ದೆ. ಹನ್ನೊಂದು ವರ್ಷ ನಾನು ಅವಳ ಬೆರಳನ್ನು ನೆನಪಿಟ್ಟುಕೊಂಡು ನನ್ನ ಬಾಯನ್ನು ಮರೆತಿದ್ದೆ.

“ಅಕ್ಕ, ಆವತ್ತು ಈ ಬಾಗಿಲಲ್ಲಿ ನಿಂತು, ಎಷ್ಟು ಹೊತ್ತು ಎಷ್ಟು ಹೊತ್ತು ಅಂತ ಪ್ರಾಣ ತಿಂದಿದ್ದು ನಾನೇ ಅಲ್ವಾ?”

ಅಕ್ಕ ಎಡಗೈಯಿಂದ ಒಂದು ತಂತಿ ಸುತ್ತುತ್ತಿದ್ದಳು. ಸುತ್ತುವುದನ್ನು ನಿಲ್ಲಿಸಲಿಲ್ಲ.

“ಕೇಳಿದ್ದು ನೀನು. ಒತ್ತಿದ್ದು ನಾನು” ಎಂದಳು. “ಆ ಉದ್ದದ ಸ್ಕ್ರೂ ಆ ಗುಳಿಗಲ್ಲ, ಪಕ್ಕದ್ದಕ್ಕೆ.”

“ಒಂದು ಸಲ ಆದ್ರೂ ಹೇಳಬಹುದಿತ್ತಲ್ಲ ಅಕ್ಕ.”

“ಹೇಳಿದ್ರೆ ಚಿತ್ರ ವಾಪಸ್ ಬರ್ತಿತ್ತಾ? ನಿಂಗೆ ಇನ್ನೊಂದು ನೋವು ಆಗ್ತಿತ್ತು, ಅಷ್ಟೇ.”

ನನಗೆ ಜೋರಾಗಿ ಅಳು ಬಂತು. ಅತ್ತೆ. ಅಕ್ಕ ತಂತಿ ಸುತ್ತಿ ಮುಗಿಸಿ, ಟೈಲರಿಗೆ ಕಾಣದಿರಲಿ ಎಂದು ಬಾಗಿಲನ್ನು ಅರ್ಧ ಮುಂದಕ್ಕೆ ಮಾಡಿದಳು.

ಆ ಭಾನುವಾರ ಬೋರ್ಡನ್ನು ಗೋಡೆಯಿಂದ ಇಳಿಸಿದೆ. ಅದರ ಬೆನ್ನಿಗೆ ಅಕ್ಕನ ಕೈಬರಹದಲ್ಲಿ ತಾರೀಕಿತ್ತು. ನನ್ನ ನಮೂನೆಗಳು ಹೋದ ದಿನದ ಮರುದಿನದ ತಾರೀಕು. ಕ್ಷಮಿಸು ಅನ್ನಲು ಬಾರದವಳು, ಹೊರೆ ಹೊರಿಸಲೂ ಬಾರದವಳು, ಒಂದು ಹಲಗೆ ತಂದು ಬರೆದು ನೇತುಹಾಕಿ ಸುಮ್ಮನಾಗಿದ್ದಳು. ನಾನು ಅದರ ಕೆಳಗೆ ಆರು ವರ್ಷ ಕೂತು ನಕ್ಕಿದ್ದೆ.

ಹಲಗೆ ಉಜ್ಜಿ, ಬಿಳಿ ಬಳಿದು, ಒಣಗಿದ ಮೇಲೆ ಅದೇ ಮಾತುಗಳನ್ನು ಒಳ್ಳೆಯ ಅಕ್ಷರದಲ್ಲಿ ಬರೆದೆ. ಬರೆದಾದ ಮೇಲೂ ಕುಂಚ ಕೆಳಗಿಡಲು ಮನಸ್ಸಾಗಲಿಲ್ಲ. ನಾಲ್ಕೂ ಅಂಚಿಗೆ ಬಳ್ಳಿ ಎಳೆದೆ, ನೂರ ನಾಲ್ಕನೆಯ ನಮೂನೆಯದು, ಒಂದೊಂದು ಮೂಲೆಯಲ್ಲಿ ಎಲೆಗಳ ಗೊಂಚಲು ಬರುವಂಥದು. ಕೈ ಮರೆತಿರಬಹುದೆಂದು ಹೆದರಿದ್ದೆ, ಅಷ್ಟೇನೂ ಮರೆತಿರಲಿಲ್ಲ.

ಅಕ್ಕ ಇಳಿದು ಬಂದು ನಿಂತಳು. ಬಹಳ ಹೊತ್ತು ನೋಡಿದಳು. ನನ್ನ ಒಂದು ನಮೂನೆಯನ್ನೂ ಕಣ್ಣೆತ್ತಿ ನೋಡಿಲ್ಲವೆಂದು ನಾನು ಬೈದಿದ್ದೆನಲ್ಲ, ಆ ಅಕ್ಕ ಪ್ಲಾಸ್ಟರಿನಿಂದ ಹೊರಗೆ ಇಣುಕಿದ ಒಂದು ಬೆರಳನ್ನು ಬಲಮೂಲೆಯ ಹತ್ತಿರ ತಂದಳು.

“ಇಲ್ಲಿ ಆರೇ ಎಲೆ ಹಾಕಿದ್ದೀಯ” ಎಂದಳು. “ನಿಂದು ಏಳು ಇರ್ತಿತ್ತು.”

ಎಣಿಸಿದೆ. ಅವಳು ಹೇಳಿದ್ದು ಸರಿ. ಅವಳು ಅಲ್ಲೇ ನಿಂತಿದ್ದಳು. ಕಣ್ಣು ಮಂಜಾಗಿತ್ತು, ಏಳನೆಯ ಎಲೆ ಬರೆಯಲು ನನಗೆ ತುಂಬ ಹೊತ್ತು ಹಿಡಿಯಿತು.